ಗಂಟಲಿನಿಂದ ಕೆಳಗೆ

ಕಳೆದ ಮಾಘಮಾಸದಲ್ಲಿ ನಮ್ಮ ತಾಯಿಯವರು ಊಟ ಬಿಟ್ಟರು. ಬಿಟ್ಟದ್ದು ಹಠಕ್ಕೂ ಅಲ್ಲ, ವ್ರತಕ್ಕೂ ಅಲ್ಲ. ತುತ್ತು ಎದೆಯ ನಟ್ಟನಡುವೆ ಬಂದು ನಿಲ್ಲುತ್ತದೆ, ನಿಂತ ಕಡೆ ಕೆಂಡವಿಟ್ಟಂತೆ ಉರಿಯುತ್ತದೆ, ನೀರು ಕುಡಿದರೂ ಉರಿ ಎಂದರು. ಎಪ್ಪತ್ತಾರು ವರ್ಷದ ಜೀವ. ಮೂರು ದಿನ ಮಜ್ಜಿಗೆಯ ತಿಳಿಯ ಮೇಲೆ ಕಳೆದರು. ಮನೆಯಲ್ಲಿ ಎಲ್ಲರ ಮನಸ್ಸಿಗೂ ಒಂದೇ ರೋಗದ ಹೆಸರು ಬಂದಿತ್ತು. ಯಾರೂ ಅದನ್ನು ಬಾಯಿ ಬಿಟ್ಟು ಆಡಲಿಲ್ಲ. ನಾಲ್ಕನೆಯ ದಿನ ವೈದ್ಯರು ಬಾಯಿಂದ ಕೊಳವೆಯಿಳಿಸಿ ಒಳಗೆ ನೋಡಿದರು. ಹೊರಗೆ ಬಂದವರು ನಾವು ಹೆದರಿದ್ದ ಮಾತನ್ನು ಹೇಳಲಿಲ್ಲ. ಬದಲಿಗೆ ನನ್ನನ್ನೇ ಒಂದು ಪ್ರಶ್ನೆ ಕೇಳಿದರು: "ಇವರು ಯಾವ ಮಾತ್ರೆ ನುಂಗುತ್ತಾರೆ? ಹೇಗೆ ನುಂಗುತ್ತಾರೆ?"

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಮೂಳೆ ಸವೆತಕ್ಕೆಂದು ವಾರಕ್ಕೊಂದು ಮಾತ್ರೆ. ಅಲೆಂಡ್ರೊನೇಟ್ ಎಂದು ಅದರ ಹೆಸರು. ಎರಡನೆಯದಕ್ಕೆ ಉತ್ತರ ಹೇಳುವಾಗ ನನ್ನ ಧ್ವನಿ ತಾನಾಗಿ ತಗ್ಗಿತು. ಪ್ರತಿ ಭಾನುವಾರ ಬೆಳಗಿನ ಜಾವ ನಾನೇ ಎದ್ದು, ಮಂಚದ ಪಕ್ಕಕ್ಕೆ ಮಾತ್ರೆಯನ್ನೂ ಕಾಲು ಲೋಟ ನೀರನ್ನೂ ಇಡುತ್ತಿದ್ದೆ. ಅವರು ತಲೆಯನ್ನಷ್ಟೇ ಎತ್ತಿ, ಒಂದು ಗುಟುಕಿನಲ್ಲಿ ನುಂಗಿ, ಮತ್ತೆ ದಿಂಬಿಗೆ ಒರಗುತ್ತಿದ್ದರು. ಚಳಿಗಾಲದಲ್ಲಿ ಮುದುಕಿಯನ್ನು ಏಳಿಸಬಾರದೆಂಬುದು ನನ್ನ ಮಾತೃಭಕ್ತಿ! ಆ ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟಿದ್ದ ಚೀಟಿಯಲ್ಲಿ, ಲೋಟ ತುಂಬ ನೀರಿನೊಡನೆ ನುಂಗಬೇಕು, ಅರ್ಧ ಗಂಟೆ ಮಲಗಕೂಡದು ಎಂದು ಸ್ಪಷ್ಟವಾಗಿ ಅಚ್ಚಾಗಿದ್ದಿತು. ಓದುವುದನ್ನೂ ಓದಿಸುವುದನ್ನೂ ಕಸುಬಾಗಿ ಮಾಡಿಕೊಂಡು ಸಂಬಳ ಎಣಿಸುವ ಮನುಷ್ಯ ನಾನು. ಆ ಚೀಟಿಯನ್ನು ಮಾತ್ರ ಓದಿರಲಿಲ್ಲ. ಮಾತ್ರೆ ಅನ್ನನಾಳದ ಗೋಡೆಗೆ ಅಂಟಿ ಅಲ್ಲಿಯೇ ಕರಗಿ ಹುಣ್ಣು ಮಾಡಿದ್ದಿತು.

ಅಂದಿನಿಂದ ನನಗೆ ಒಂದು ವಿಚಾರ ಹಿಡಿದುಕೊಂಡಿತು. ಔಷಧಿಯ ಗುಣವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆಹಗಳಿವೆ. ನಾಲಗೆ ದಾಟಿದ ಮೇಲೆ, ಹೊಟ್ಟೆ ಸೇರುವ ಮೊದಲು, ಆ ನಡುವಿನ ದಾರಿಯಲ್ಲಿ ಅದು ಹೇಗೆ ಸಾಗುತ್ತದೆ ಎಂಬುದನ್ನು ನಮ್ಮ ಹಿಂದಿನವರು ಯೋಚಿಸಿದ್ದರೇ? ನಾನು ವೈದ್ಯನಲ್ಲ, ಕನ್ನಡ ಮೇಷ್ಟ್ರು. ಆದುದರಿಂದ ನನ್ನ ಹುಡುಕಾಟ ಮಾತಿನಿಂದಲೇ ಮೊದಲಾಯಿತು.

ನಮ್ಮ ಭಾಷೆಯನ್ನು ನೋಡಿ. ಕಷಾಯವನ್ನು ಕುಡಿಯುತ್ತೇವೆ. ಚೂರ್ಣವನ್ನು ಮುಕ್ಕುತ್ತೇವೆ. ಲೇಹ್ಯವನ್ನು ನೆಕ್ಕುತ್ತೇವೆ, ಆ ಸಂಸ್ಕೃತ ಶಬ್ದದ ಧಾತುವಿನ ಅರ್ಥವೇ ನೆಕ್ಕುವುದು. ಗುಳಿಗೆಯನ್ನು ನುಂಗುತ್ತೇವೆ. ಜ್ಯೇಷ್ಠಮಧುವಿನ ಕಡ್ಡಿಯನ್ನು ಚೀಪುತ್ತೇವೆ. ಮಗುವಿಗೆ ಔಷಧಿಯನ್ನು ಹುಯ್ಯುತ್ತೇವೆ. ಒಂದೊಂದು ರೂಪಕ್ಕೆ ಒಂದೊಂದು ಕ್ರಿಯಾಪದ, ಒಂದೊಂದು ಕ್ರಿಯಾಪದದಲ್ಲಿಯೂ ಗಂಟಲಿಗೆ ಒಂದೊಂದು ಅಪ್ಪಣೆ. ಈಗ ಇವೆಲ್ಲವೂ ಹೋಗಿ "ಔಷಧಿ ತೊಗೊಂಡಿರಾ?" ಎಂಬ ಒಂದೇ ಮಾತು ಉಳಿದಿದೆ. ಇಂಗ್ಲಿಷಿನ ಮಾತನ್ನು ಕನ್ನಡಕ್ಕೆ ಹೊರಳಿಸಿಕೊಂಡುದರ ಫಲ ಇದು. ತೆಗೆದುಕೊಳ್ಳುವುದಕ್ಕೆ ಕೈ ಸಾಕು, ಗಂಟಲು ಬೇಕಾಗಿಲ್ಲ.

ಮಾತ್ರೆ ಎಂಬ ಶಬ್ದದ ವಿಚಾರವೂ ಸ್ವಾರಸ್ಯವಾದುದೇ. ತರಗತಿಯಲ್ಲಿ ಛಂದಸ್ಸನ್ನು ಹೇಳುವಾಗ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಕಂದಪದ್ಯಕ್ಕೆ ಒಟ್ಟು 64 ಎಂದೊಡನೆ ಹಿಂದಿನ ಬೆಂಚಿನಲ್ಲಿ ನಗೆ ಹುಟ್ಟುವುದುಂಟು. 64 ಮಾತ್ರೆ ನುಂಗಿದವನ ಗತಿಯೇನೆಂದು ಒಬ್ಬ ಹುಡುಗ ಕೇಳಿಯೂ ಕೇಳಿದ. ಎರಡು ಕಡೆಯೂ ಮೂಲಾರ್ಥ ಒಂದೇ, ಅಳತೆ. ಆಯುರ್ವೇದದಲ್ಲಿ ಮಾತ್ರಾ ಎಂದರೆ ಕೊಡಬೇಕಾದ ಪ್ರಮಾಣ. ಅಳತೆಯ ಹೆಸರು ಅಳೆದ ವಸ್ತುವಿಗೆ ಅಂಟಿಕೊಂಡು ಕನ್ನಡದಲ್ಲಿ ಗುಳಿಗೆಗೆ ಮಾತ್ರೆಯೆಂದೇ ಹೆಸರಾಯಿತು.

ಇನ್ನು ಗ್ರಂಥಗಳ ಮಾತು. ಚರಕನು ಹೇಳುವ ಐದು ಬಗೆಯ ಕಲ್ಪನೆಗಳು, ಎಂದರೆ ಸ್ವರಸ, ಕಲ್ಕ, ಕ್ವಾಥ, ಶೀತ, ಫಾಂಟ, ಇವುಗಳಲ್ಲಿ ಕಲ್ಕವೊಂದನ್ನು ಬಿಟ್ಟರೆ ಉಳಿದುವೆಲ್ಲ ನೀರಿನಂತೆ ಇಳಿಯತಕ್ಕವು. ಅರೆದ ಮುದ್ದೆಯಾದ ಕಲ್ಕವೂ ಮೆತ್ತನೆಯದೇ. ಮೊದಲನೆಯದಕ್ಕಿಂತ ಮುಂದಿನದು ಹಗುರ, ರೋಗಿಯ ಬಲ ನೋಡಿ ಆರಿಸಬೇಕು ಎಂಬುದು ಅಲ್ಲಿಯ ಕ್ರಮ. ಶಾರ್ಙ್ಗಧರನ ಕಾಲಕ್ಕೆ ಚೂರ್ಣ, ವಟಕ, ಅವಲೇಹಗಳಿಗೆ ಪ್ರತ್ಯೇಕ ಅಧ್ಯಾಯಗಳೇ ಬಂದಿವೆ. ಆದರೆ ಒಣಗಿದ ಔಷಧಿಯನ್ನು ಒಣಗಿದಂತೆಯೇ ಗಂಟಲಿಗೆ ಹಾಕುವುದು ಅವರ ಪದ್ಧತಿಯಲ್ಲ. ಜೊತೆಗೆ ಅನುಪಾನ ಬೇಕು: ಜೇನು, ತುಪ್ಪ, ಹಾಲು, ಬಿಸಿನೀರು, ಮಜ್ಜಿಗೆ. ನೀರಿಗೆ ಬಿದ್ದ ಎಣ್ಣೆ ಹರಡುವಂತೆ ಅನುಪಾನದ ಬಲದಿಂದ ಔಷಧಿ ಮೈಯಲ್ಲಿ ಹರಡುತ್ತದೆ ಎಂಬ ಹೋಲಿಕೆಯನ್ನು ಶಾರ್ಙ್ಗಧರ ಕೊಡುತ್ತಾನೆ. ಇದನ್ನು ಓದಿ, ಅವನಿಗೆ ಅನ್ನನಾಳದ ಶಾಸ್ತ್ರವೆಲ್ಲ ತಿಳಿದಿದ್ದಿತೆಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಅವನ ಗಮನವಿದ್ದುದು ಮೈಯಲ್ಲಿ ಹರಡುವುದರ ಮೇಲೆ, ಗಂಟಲಿನಲ್ಲಿ ಇಳಿಯುವುದರ ಮೇಲಲ್ಲ. ಆದರೂ ಜೇನಿನಲ್ಲಿ ಕಲಸಿದ ಚೂರ್ಣ ಗೋಡೆಗೆ ಅಂಟಿ ಕೂರುವುದಿಲ್ಲ ಎಂಬ ಲಾಭ, ಕೇಳದೆ ಬಂದ ಬಡ್ಡಿಯಂತೆ, ಅವನ ರೋಗಿಗಳಿಗೆ ದೊರೆತೇ ದೊರೆಯಿತು.

ಸುಶ್ರುತನದು ಬೇರೆಯ ಕಣ್ಣು, ಶಸ್ತ್ರವೈದ್ಯನ ಕಣ್ಣು. ಔಷಧಿ ಕೊಡುವ ಹತ್ತು ಕಾಲಗಳನ್ನು ಆತ ಎಣಿಸುತ್ತಾನೆ: ಬರಿಯ ಹೊಟ್ಟೆಯಲ್ಲಿ, ಊಟಕ್ಕೆ ಮುಂಚೆ, ಊಟವಾದ ಮೇಲೆ, ಊಟದ ನಡುವೆ ಹೀಗೆ. ಅವುಗಳಲ್ಲಿ ಎರಡು ನನ್ನ ಮನಸ್ಸನ್ನು ಸೆಳೆದುವು. ಒಂದು ಗ್ರಾಸ, ಎಂದರೆ ತುತ್ತಿನೊಡನೆಯೇ ಔಷಧಿ. ಇನ್ನೊಂದು ಗ್ರಾಸಾಂತರ, ತುತ್ತಿಗೂ ತುತ್ತಿಗೂ ನಡುವೆ. ಎರಡರಲ್ಲಿಯೂ ಹಿಂದೆ ಬರುವ ಅನ್ನ ಮುಂದಿನ ಔಷಧಿಯನ್ನು ತಳ್ಳಿಕೊಂಡು ಹೋಗುತ್ತದೆ. ಅದಕ್ಕಿಂತ ಹೆಚ್ಚಿನದು ಸೂತ್ರಸ್ಥಾನದಲ್ಲಿ ಶಲ್ಯಗಳನ್ನು, ಎಂದರೆ ಮೈಯಲ್ಲಿ ಸಿಕ್ಕಿಕೊಂಡ ವಸ್ತುಗಳನ್ನು ತೆಗೆಯುವ ಪ್ರಕರಣ. ತುತ್ತು ಗಂಟಲಲ್ಲಿ ಸಿಕ್ಕಿದವನಿಗೆ, ಅವನು ಎಣಿಸದಿರುವಾಗ ಹೆಗಲ ಮೇಲೆ ಮುಷ್ಟಿಯಿಂದ ಗುದ್ದಬೇಕು. ಇಲ್ಲವೆ ತುಪ್ಪವನ್ನೋ ಮದ್ಯವನ್ನೋ ನೀರನ್ನೋ ಕುಡಿಸಬೇಕು ಎಂದು ಅಲ್ಲಿದೆ. ಮೂಳೆ ಸಿಕ್ಕಿದ್ದರೆ ಕೂದಲ ಉಂಡೆಯನ್ನು ಉದ್ದನೆಯ ದಾರಕ್ಕೆ ಕಟ್ಟಿ, ದ್ರವದೊಡನೆ ನುಂಗಿಸಿ, ಕಂಠಪೂರ್ತಿ ಕುಡಿಸಿ, ವಾಂತಿ ಮಾಡಿಸಿ, ಮೂಳೆ ಕೂದಲಿಗೆ ಸಿಕ್ಕಿದೆಯೆಂದು ತಿಳಿದೊಡನೆ ದಾರವನ್ನು ಎಳೆಯಬೇಕಂತೆ. ನಮ್ಮ ತಾಯಿಯ ಗಂಟಲಿನಲ್ಲಿ ವೈದ್ಯರು ಇಳಿಸಿದ ಕೊಳವೆಯನ್ನು ಕಂಡು ಬಂದ ರಾತ್ರಿ ಈ ಭಾಗವನ್ನು ಓದಿದೆ. ಬೆನ್ನಿನಲ್ಲಿ ಚಳಿ ಹುಟ್ಟಿದರೂ, ಎರಡಕ್ಕೂ ದಾರಿ ಒಂದೇ ಎಂದು ತೋರದಿರಲಿಲ್ಲ.

ಕನ್ನಡದಲ್ಲಿ ವೈದ್ಯ ಬರೆದವರು ಬಹುಮಟ್ಟಿಗೆ ಕವಿಗಳು. ಸುಮಾರು 1125ರಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮ 'ಗೋವೈದ್ಯ'ವನ್ನು ಬರೆದ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದ. ಅದರಲ್ಲಿ ಮಾಂಸವೂ ಇಲ್ಲ, ಮದ್ಯವೂ ಇಲ್ಲ. ಸುಶ್ರುತ ಗಂಟಲು ತೊಳೆಯಲು ಹೇಳಿದ ಮೂರರಲ್ಲಿ ಒಂದನ್ನು ಜೈನ ವೈದ್ಯರು ಕೈಬಿಟ್ಟರೆಂದಾಯಿತು. ಉಗ್ರಾದಿತ್ಯನೆಂಬ ಇನ್ನೊಬ್ಬ ಜೈನ ವೈದ್ಯ ಇದಕ್ಕೆ ಮುಂಚೆಯೇ ನೃಪತುಂಗನ ಆಸ್ಥಾನದಲ್ಲಿ, ಔಷಧಿಗೆ ಮಾಂಸ ಬೇಕಿಲ್ಲವೆಂದು ವಾದ ಹೂಡಿದ್ದ. ಹದಿನಾಲ್ಕನೆಯ ಶತಮಾನದಲ್ಲಿ ಮೊದಲನೆಯ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಗಳ ಚಿಕಿತ್ಸೆಯನ್ನು ಪದ್ಯವಾಗಿ ಹಾಡಿದ. ಪದ್ಯವಾದರೆ ಬಾಯಿಪಾಠಕ್ಕೆ ಬರುತ್ತದೆ. ಹಳ್ಳಿಯ ವೈದ್ಯನಿಗೆ ಓಲೆಗರಿಯ ಕಟ್ಟಿಗಿಂತ ನಾಲಗೆ ಹತ್ತಿರ.

ವಿಷದ ಮಾತು ಬಂದುದರಿಂದ ನಂಜನಗೂಡನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮೈಸೂರಿನಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ, ನುಂಗಿದ್ದನ್ನು ಗಂಟಲಿನಿಂದ ಕೆಳಗೆ ಇಳಿಯಗೊಡದ ದೇವರು ಕುಳಿತಿದ್ದಾನೆ. ಹಾಲಾಹಲ ಅನ್ನನಾಳಕ್ಕೆ ಇಳಿಯದಂತೆ ಪಾರ್ವತಿ ಕತ್ತು ಒತ್ತಿ ಹಿಡಿದಳೆಂಬ ಕತೆ ಎಲ್ಲರಿಗೂ ಗೊತ್ತು. ಈತನನ್ನೇ ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣು ವಾಸಿಯಾದುದಕ್ಕಾಗಿ ಹಕೀಮ್ ನಂಜುಂಡನೆಂದು ಕರೆದನೆಂಬ ಪ್ರತೀತಿ ಉಂಟು. 1913ರಲ್ಲಿ ಬಿ. ವಿ. ಪಂಡಿತರು ತಮ್ಮ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ್ದು ಈ ಹಕೀಮನ ಊರಿನಲ್ಲಿಯೇ. ಅಲ್ಲಿಯ ಹಲ್ಲುಪುಡಿಯ ಕೆಂಪು ನಮ್ಮ ಪೀಳಿಗೆಯವರ ಬೆರಳಿನಿಂದ ಇನ್ನೂ ಪೂರ್ತಿ ಹೋಗಿಲ್ಲ.

ಗ್ರಂಥದಲ್ಲಿ ಇಲ್ಲದ ಶಾಸ್ತ್ರ ಮನೆಯಲ್ಲಿದ್ದಿತು. ಅಗ್ರಹಾರದ ನಮ್ಮ ಹಳೆಯ ಮನೆಯ ನಡುಮನೆಯ ಗೂಡಿನಲ್ಲಿ ಒಂದು ಸಾಣೆಕಲ್ಲು, ಒಂದು ಬೆಳ್ಳಿಯ ಒಳಲೆ ಇದ್ದುವು. ಒಳಲೆಯನ್ನು ನೋಡದ ಎಳೆಯ ಓದುಗರಿಗಾಗಿ ಹೇಳುತ್ತೇನೆ: ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಬಟ್ಟಲು, ಅದಕ್ಕೆ ಹಕ್ಕಿಯ ಕೊಕ್ಕಿನಂಥ ಮೂತಿ. ಮಗುವಿಗೆ ಹಾಲನ್ನೂ ಔಷಧಿಯನ್ನೂ ಹುಯ್ಯುವುದಕ್ಕೆ ಅದು. ನಮ್ಮ ಅಜ್ಜಿ ದೇವರಾಜ ಮಾರುಕಟ್ಟೆಯ ಬಳಿಯ ಗ್ರಂಥಿಗೆ ಅಂಗಡಿಯಿಂದ ಬಜೆ, ಜಾಯಿಕಾಯಿ, ಅಳಲೆಕಾಯಿ ತರಿಸಿ, ಒಂದೊಂದನ್ನೂ ಕಲ್ಲಿನ ಮೇಲೆ ಎಣಿಸಿ ಎಣಿಸಿ ಸುತ್ತು ತೇಯುತ್ತಿದ್ದರು. ಕಸ್ತೂರಿ ಮಾತ್ರೆಯನ್ನೂ ಹಾಗೆಯೇ. ಈ ಒಂದು ಸಂಗತಿಯ ಮೇಲೆ ವಾಚಕರ ಲಕ್ಷ್ಯವನ್ನು ಎಳೆಯಬೇಕೆಂದಿದ್ದೇನೆ. ನಮ್ಮ ಹಳೆಯ ಮನೆಗಳಲ್ಲಿ ಮಾತ್ರೆ ಕಲ್ಲಿನಂತೆ ಗಟ್ಟಿಯಾಗಿದ್ದುದು ಕೆಡದಂತೆ ಇಡುವುದಕ್ಕೆ, ನುಂಗುವುದಕ್ಕಲ್ಲ. ನುಂಗುವ ಹೊತ್ತಿಗೆ ಅದನ್ನು ಜೇನಿನಲ್ಲಿಯೋ ಹಾಲಿನಲ್ಲಿಯೋ ತೇದು ಮತ್ತೆ ಮೆತ್ತಗೆ ಮಾಡುತ್ತಿದ್ದರು. ಇಡುವುದಕ್ಕೆ ಒಂದು ರೂಪ, ಇಳಿಸುವುದಕ್ಕೆ ಇನ್ನೊಂದು ರೂಪ. ಇವೆರಡೂ ಒಂದೇ ಆದದ್ದು ಈಚೆಗೆ.

ಕೊಟ್ಟಿಗೆಯಲ್ಲಿ ಒಳಲೆಯ ಅಣ್ಣನಂತೆ ಗೊಟ್ಟವಿರುತ್ತಿತ್ತು. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಎತ್ತಿನ ಮೂತಿಯನ್ನು ಎತ್ತಿ ಹಿಡಿದು ಔಷಧಿಯನ್ನು ಗೊಟ್ಟದಲ್ಲಿ ಎತ್ತುವಾಗ ಒಬ್ಬನಿಗೆ ಕೊಂಬಿನ ಕಡೆ ಕಣ್ಣಿರಬೇಕು. ಬುದ್ಧಿ ಬಾರದ ಹುಡುಗನಿಗೆ ವಿದ್ಯೆಯನ್ನು ಗೊಟ್ಟದಲ್ಲಿ ಹುಯ್ಯಲಾದೀತೆ ಎಂದು ನಮ್ಮ ಹಳೆಯ ಉಪಾಧ್ಯಾಯರೊಬ್ಬರು ಹೇಳುತ್ತಿದ್ದುದು ನನ್ನನ್ನು ನೋಡಿಯೇ.

ಅಜ್ಜಿಯ ಒಳಲೆಯನ್ನು ಹೊಗಳಿ ನಿಲ್ಲಿಸಿಬಿಟ್ಟರೆ ಅರ್ಧ ಸತ್ಯವಾದೀತು. ಅಳುವ ಮಗುವನ್ನು ಕಾಲಮೇಲೆ ಅಂಗಾತ ಕೆಡವಿಕೊಂಡು, ಮೂಗು ಹಿಡಿದು, ಹರಳೆಣ್ಣೆಯನ್ನೋ ತುಪ್ಪವನ್ನೋ ಹುಯ್ಯುವ ಪದ್ಧತಿಯೂ ಅದೇ ಒಳಲೆಯದು. ಗಂಟಲಿನಲ್ಲಿ ದಾರಿ ಎರಡು. ಹಿಂದಿನದು ಅನ್ನದ್ದು, ಮುಂದಿನದು ಉಸಿರಿನದು. ನುಂಗುವ ಗಳಿಗೆಯಲ್ಲಿ ಉಸಿರಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಳುತ್ತಿರುವ ಕೂಸಿನಲ್ಲಿ ಆ ಬಾಗಿಲು ತೆರೆದಿರುತ್ತದೆ. ಎಣ್ಣೆ ಕೆಮ್ಮನ್ನೂ ಎಬ್ಬಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದರಿಂದ ಹುಟ್ಟುವ ನ್ಯುಮೋನಿಯಾವನ್ನು ದಕ್ಷಿಣ ಭಾರತದ ಮಕ್ಕಳ ವೈದ್ಯರು ಕಂಡು ಬರೆದಿದ್ದಾರೆ. ವಾತ, ಬಾಲಗ್ರಹ ಎಂದು ನಮ್ಮ ಹಿರಿಯರು ಅತ್ತು ಸುಮ್ಮನಾದ ಎಷ್ಟು ಕೂಸುಗಳು ಹೀಗೆ ಹೋದವೋ. ಸ್ವಾರಸ್ಯವೆಂದರೆ ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ತಾಯಹಾಲನ್ನು ಕುಡಿಸುವುದಕ್ಕೆ ಈಗ ಆಸ್ಪತ್ರೆಗಳಲ್ಲಿಯೇ ಒಳಲೆಯನ್ನು ಬಳಸುತ್ತಾರೆ. ಆದರೆ ಮಗುವಿನ ತಲೆ ಎತ್ತಿ ಹಿಡಿದು, ತೊಟ್ಟು ತೊಟ್ಟಾಗಿ, ನುಂಗಿದ್ದನ್ನು ನೋಡಿಕೊಂಡು. ಪಾತ್ರೆ ಒಂದೇ, ಕೈ ಬೇರೆ.

ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಹುಟ್ಟಿದುದು 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1924ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿ ಎರಡೂ ಕೂಗಳತೆಯಲ್ಲಿವೆ. ಒಂದು ಕಡೆ ಕಷಾಯದ ವಾಸನೆ, ಇನ್ನೊಂದು ಕಡೆ ಫಿನಾಯಿಲಿನ ವಾಸನೆ. ನಮ್ಮ ತಂದೆಯವರು ಹುಡುಗರಾಗಿದ್ದಾಗ ಇಂಗ್ಲಿಷ್ ಔಷಧಿಯೂ ನೀರಾಗಿಯೇ ಇದ್ದಿತಂತೆ. ಸೀಸೆಯನ್ನು ಮನೆಯಿಂದಲೇ ಕೊಂಡೊಯ್ಯಬೇಕು. ಕಾಂಪೌಂಡರು ಕೆಂಪು ಮಿಕ್ಸ್ಚರನ್ನು ತುಂಬಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಪಕ್ಕಕ್ಕೆ ಅಂಟಿಸುವರು. ಒಂದು ಹಲ್ಲಿಗೆ ಒಂದು ವೇಳೆ. ಚಳಿಜ್ವರದ ಕ್ವಿನೈನ್ ಮಾತ್ರ ಪುಡಿಯಾಗಿ ಬರುತ್ತಿತ್ತು. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳಲ್ಲಿಯೇ ಅದರ ಪೊಟ್ಟಣಗಳನ್ನು ಕಾಸಿಗೊಂದರಂತೆ ಮಾರುವ ಏರ್ಪಾಡಾಗಿ, ಅದು ಬೇರೆ ಪ್ರಾಂತಗಳಿಗೂ ಹಬ್ಬಿತು. ನಾಲಗೆಗೆ ತಾಗಿದರೆ ಆ ದಿನವೆಲ್ಲ ಕಹಿ. ನಮ್ಮ ಮನೆಯಲ್ಲಿ ಅದನ್ನು ರಸಬಾಳೆಯ ಹೊಟ್ಟೆಯಲ್ಲಿ ಹುದುಗಿಸಿ ಕೊಡುತ್ತಿದ್ದರಂತೆ. ಸುಶ್ರುತನ ಗ್ರಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಹೀಗಿರಲಾಗಿ, ಒಣ ಮಾತ್ರೆ ಎಲ್ಲಿಂದ ಬಂದಿತು? ಅದರ ಹುಟ್ಟಿನ ಕತೆ ವಿನೋದವಾಗಿದೆ. ಇಂಗ್ಲೆಂಡಿನಲ್ಲಿ ವಿಲಿಯಂ ಬ್ರಾಕೆಡನ್ ಎಂಬ ಚಿತ್ರಕಾರನಿದ್ದ. ಪೆನ್ಸಿಲಿಗೆ ಒಳ್ಳೆಯ ಸೀಸದ ಕಡ್ಡಿ ಸಿಕ್ಕದೆ, ಪುಡಿಯನ್ನು ಅಚ್ಚಿನಲ್ಲಿಟ್ಟು ಒತ್ತಿ ಗಟ್ಟಿ ಮಾಡುವ ಉಪಾಯ ಹೂಡಿದ. ಅದೇ ಯಂತ್ರ ಗುಳಿಗೆಯನ್ನೂ ಒತ್ತುತ್ತದೆಂದು 1843ರಲ್ಲಿ ಹಕ್ಕು ಪಡೆದ. ನಾವು ದಿನವೂ ನುಂಗುವ ಮಾತ್ರೆ ಪೆನ್ಸಿಲಿನ ತಮ್ಮ. ಇದಕ್ಕೆ ಸ್ವಲ್ಪ ಮುಂಚೆ, 1834ರಲ್ಲಿ, ಪ್ಯಾರಿಸಿನ ಮೋಥ್ ಮತ್ತು ಡುಬ್ಲಾಂಕ್ ಎಂಬವರು ಕೆಟ್ಟ ರುಚಿಯ ಔಷಧಿಯನ್ನು ಮರೆಮಾಚಲು ಜೆಲಟಿನ್ನಿನ ಕ್ಯಾಪ್ಸೂಲನ್ನು ಹೊರತಂದಿದ್ದರು. 1884ರಲ್ಲಿ ಬರೋಸ್ ವೆಲ್ಕಮ್ ಕಂಪೆನಿ ತನ್ನ ಒತ್ತುಮಾತ್ರೆಗಳಿಗೆ ಟ್ಯಾಬ್ಲಾಯ್ಡ್ ಎಂಬ ಹೆಸರನ್ನು ಕಟ್ಟಿ ನೋಂದಾಯಿಸಿತು. ಆ ಹೆಸರು ಔಷಧಿಯಂಗಡಿಯಿಂದ ಜಾರಿ ಪತ್ರಿಕೋದ್ಯಮಕ್ಕೆ ಬಂದು, ಸುದ್ದಿಯನ್ನು ಒತ್ತಿ ಚಿಕ್ಕದು ಮಾಡುವ ಪುಟ್ಟ ಹಾಳೆಯ ಪತ್ರಿಕೆಗಳಿಗೆ ಅಂಟಿಕೊಂಡಿತು. ಅವುಗಳಲ್ಲಿ ಕೆಲವೂ ಗಂಟಲಲ್ಲಿ ಇಳಿಯುವುದಿಲ್ಲ, ಇರಲಿ.

ಮಾತ್ರೆಯಿಂದ ಉಪಕಾರವಾಗಲಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. ಅಳತೆ ತಪ್ಪುವುದಿಲ್ಲ, ಕೆಡುವುದಿಲ್ಲ, ಸೀಸೆ ಒಡೆಯುವುದಿಲ್ಲ, ಬಸ್ಸಿನಲ್ಲಿ ಚೆಲ್ಲುವುದಿಲ್ಲ. ತೇಯುವ ಕೆಲಸ ಮಾತ್ರ ಅಜ್ಜಿಯ ಕಲ್ಲಿನಿಂದ ನಮ್ಮ ಹೊಟ್ಟೆಗೆ ವರ್ಗವಾಯಿತು. ನಡುವೆ ಸುಮಾರು 25 ಸೆಂಟಿಮೀಟರಿನ ಒಂದು ಕೊಳವೆಯಿದೆಯೆಂಬುದನ್ನು ಎಲ್ಲರೂ ಮರೆತರು.

ಆ ಕೊಳವೆಯನ್ನು ಬರಿಯ ಬೀಳುದಾರಿಯೆಂದು ತಿಳಿಯಬಾರದು. ಬಾವಿಗೆ ಕಲ್ಲು ಹಾಕಿದಂತೆ ತುತ್ತು ಕೆಳಕ್ಕೆ ಬೀಳುವುದಿಲ್ಲ. ಗೋಡೆಯ ಸ್ನಾಯು ತುತ್ತಿನ ಹಿಂದೆ ಬಿಗಿಯುತ್ತ, ಮುಂದೆ ಸಡಿಲುತ್ತ, ಸೆಕೆಂಡಿಗೆ ಎರಡರಿಂದ ನಾಲ್ಕು ಸೆಂಟಿಮೀಟರಿನಂತೆ ಅದನ್ನು ದೂಡಿಕೊಂಡು ಹೋಗುತ್ತದೆ. ನಿಂತು ಕುಡಿದ ನೀರು ಈ ಅಲೆಗೆ ಕಾಯದೆ ಒಂದೆರಡು ಸೆಕೆಂಡಿನಲ್ಲಿ ತಳ ಮುಟ್ಟುತ್ತದೆ; ಗಟ್ಟಿಯಾದುದಕ್ಕೆ ಎಂಟು ಹತ್ತು ಸೆಕೆಂಡು ಬೇಕು. ದಾರಿಯಲ್ಲಿ ಮೂರು ಇಕ್ಕಟ್ಟುಗಳಿವೆ: ಗಂಟಲು ಮುಗಿದು ನಾಳ ಮೊದಲಾಗುವ ಕಡೆ ಒಂದು, ಹೃದಯದ ಮಹಾಧಮನಿ ಬಾಗಿ ಒತ್ತುವ ಕಡೆ ಒಂದು, ವಪೆಯನ್ನು ತೂರಿ ಹೊಟ್ಟೆಗೆ ಇಳಿಯುವ ಕಡೆ ಒಂದು. ಮಾತ್ರೆ ತಂಗುವುದು ಹೆಚ್ಚಾಗಿ ನಡುವಣದರಲ್ಲಿ. ತಾಯಿಯವರು ಕೈಯಿಟ್ಟು ತೋರಿಸಿದುದೂ ಅಲ್ಲಿಯೇ.

ಇದನ್ನು ಕಣ್ಣಾರೆ ಕಂಡವರು ಯಾರು? ರಂಟ್‌ಗೆನ್ ಕ್ಷಕಿರಣವನ್ನು ಕಂಡುಹಿಡಿದ ಮರುವರ್ಷವೇ, 1896ರಲ್ಲಿ, ಅಮೆರಿಕದ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯವಿದ್ಯಾರ್ಥಿ ಒಂದು ಹೆಬ್ಬಾತನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ, ಬಿಸ್ಮತ್ ತುಂಬಿದ ಕ್ಯಾಪ್ಸೂಲನ್ನು ನುಂಗಿಸಿ, ಅದರ ಉದ್ದನೆಯ ಕತ್ತಿನಲ್ಲಿ ಕಪ್ಪು ಚುಕ್ಕೆ ಇಳಿಯುವುದನ್ನು ನೋಡಿದ. ನಮ್ಮ ಕಾವ್ಯಗಳಲ್ಲಿ ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡಿದ್ದಕ್ಕೆ ಕೀರ್ತಿ ಪಡೆದಿದೆ. ಅದರ ದಾಯಾದಿಯಾದ ಈ ಹೆಬ್ಬಾತು ನುಂಗಿದ್ದು ಇಳಿಯುವ ನಡಿಗೆಯನ್ನು ಲೋಕಕ್ಕೆ ತೋರಿಸಿಕೊಟ್ಟಿತು. ಅದಕ್ಕೆ ಪದ್ಯ ಬರೆದವರಿಲ್ಲ.

ಇಷ್ಟಾದರೂ ಮಾತ್ರೆಯ ಮೇಲೆ ಸಂಶಯ ಹುಟ್ಟಲು ಮುಕ್ಕಾಲು ಶತಮಾನ ಹಿಡಿಯಿತು. 1970ರಲ್ಲಿ, ಹೃದಯ ದೊಡ್ಡದಾಗಿ ಅನ್ನನಾಳವನ್ನು ಒತ್ತುತ್ತಿದ್ದ ರೋಗಿಯೊಬ್ಬರಲ್ಲಿ ಪೊಟ್ಯಾಸಿಯಂ ಮಾತ್ರೆ ಸಿಕ್ಕಿಕೊಂಡು ಹುಣ್ಣಾದುದನ್ನು ಬ್ರಿಟನ್ನಿನ ವೈದ್ಯರು ವರದಿ ಮಾಡಿದರು. 1976ರಲ್ಲಿ ಅಲ್ಲಿಯವರೇ ಬೇರಿಯಂ ಮಾತ್ರೆಗಳನ್ನು ಜನರಿಗೆ ನುಂಗಿಸಿ ಕ್ಷಕಿರಣದಲ್ಲಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮಾತ್ರೆ ಐದು ನಿಮಿಷವಾದರೂ ನಾಳದಲ್ಲಿಯೇ ಕುಳಿತಿದ್ದಿತು. 1982ರಲ್ಲಿ ಡೆನ್ಮಾರ್ಕಿನವರು ಆರು ಬಗೆಯ ಮಾತ್ರೆ ಕ್ಯಾಪ್ಸೂಲುಗಳನ್ನು ನಿಂತವರಿಗೂ ಮಲಗಿದವರಿಗೂ, ಹೆಚ್ಚು ನೀರಿನಲ್ಲಿಯೂ ಕಡಮೆ ನೀರಿನಲ್ಲಿಯೂ ಕೊಟ್ಟು ಪರೀಕ್ಷಿಸಿ, ಕಡೆಗೆ ಹೇಳಿದುದು ಎರಡೇ ಮಾತು: ಕನಿಷ್ಠ 100 ಮಿಲಿಲೀಟರು ನೀರು, ನುಂಗಿದ ಮೇಲೆ ಕನಿಷ್ಠ 90 ಸೆಕೆಂಡು ನಿಲುವು. ಜೆಲಟಿನ್ ಕ್ಯಾಪ್ಸೂಲು ಅರೆ ಒದ್ದೆಯಾದರೆ ಅಂಟಿನಂತಾಗುತ್ತದೆ, ಒಂದು ಗುಟುಕು ನೀರು ಅದಕ್ಕೆ ಗೋಂದು ಕಲಸಿದಂತೆ. ಅಲ್ಲದೆ ಅದು ನೀರಿನ ಮೇಲೆ ತೇಲುವಂಥದು. ತಲೆಯನ್ನು ಹಿಂದಕ್ಕೆ ಎಸೆದು ನುಂಗುವ ನಮ್ಮೆಲ್ಲರ ಅಭ್ಯಾಸ ಅದನ್ನು ಹಲ್ಲಿನ ಕಡೆಗೆ ತೇಲಿಸುತ್ತದೆ. 2014ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನವರು, ಕ್ಯಾಪ್ಸೂಲನ್ನು ನುಂಗುವಾಗ ತಲೆಯನ್ನು ಮುಂದಕ್ಕೆ ಬಗ್ಗಿಸಿದರೆ ಸಲೀಸು ಎಂದು ಪ್ರಯೋಗದಿಂದ ತೋರಿಸಿದರು. ನಾನು ಮಾಡಿ ನೋಡಿದೆ, ನಿಜ.

ತಾಯಿಯವರ ಮಾತ್ರೆಯ ಚರಿತ್ರೆಯೂ ಸಿಕ್ಕಿತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು 1995ರಲ್ಲಿ. ಅದರಿಂದ ಅನ್ನನಾಳದಲ್ಲಿ ಹುಣ್ಣಾದವರ ಸಂಗತಿ ವೈದ್ಯಪತ್ರಿಕೆಯಲ್ಲಿ ಬಂದದ್ದು 1996ರಲ್ಲಿ. ಹಾಗೆ ನೊಂದವರಲ್ಲಿ ಹಲವರು ಕಡಮೆ ನೀರು ಕುಡಿದವರು, ಇಲ್ಲವೆ ನುಂಗಿ ಮಲಗಿದವರು. ಎಂದರೆ ಡಬ್ಬಿಯೊಳಗಿನ ಆ ಚೀಟಿ ಸುಮ್ಮನೆ ಬರೆದುದಲ್ಲ. ಯಾರೋ ನೋವುಂಡ ಅನುಭವ ಅಲ್ಲಿ ನಾಲ್ಕು ಸಾಲಾಗಿ ಅಚ್ಚಾಗಿದ್ದಿತು.

ನಮ್ಮ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ವಾಕ್ ಶ್ರವಣ ಸಂಸ್ಥೆಯನ್ನು ಮೈಸೂರಿನವರು ಮಾತು ಬಾರದ, ಕಿವಿ ಕೇಳದ ಮಕ್ಕಳ ಜಾಗವೆಂದೇ ತಿಳಿದಿರುತ್ತಾರೆ. ಅಲ್ಲಿ ನುಂಗುವ ತೊಂದರೆಗೂ ಚಿಕಿತ್ಸೆಯುಂಟೆಂಬುದು ನನಗೂ ಈ ಪ್ರಸಂಗದಲ್ಲಿಯೇ ತಿಳಿಯಿತು. ಲಕ್ವ ಹೊಡೆದ ಮೇಲೆ ಮಾತಿನೊಡನೆ ನುಂಗುವುದೂ ತಪ್ಪುವುದುಂಟು. ಮಾತಾಡುವ ನಾಲಗೆಯೂ ನುಂಗುವ ನಾಲಗೆಯೂ ಒಂದೇ ಅಲ್ಲವೆ? ಪಾಠ ಹೇಳಿ ಹೇಳಿ ನಾಲಗೆಗೆ ಇನ್ನೊಂದು ಕೆಲಸವಿದೆಯೆಂಬುದೇ ನನಗೆ ಮರೆತಿದ್ದಿತು.

ವೈದ್ಯರು ಆ ಮಾತ್ರೆಯನ್ನು ನಿಲ್ಲಿಸಿದರು. ಹುಣ್ಣು ಆರುವವರೆಗೆ ಗಂಜಿ, ಹಾಲು, ಆಮ್ಲ ತಗ್ಗಿಸುವ ಔಷಧಿ. ಮೂರನೆಯ ವಾರ ತಾಯಿಯವರು ಮೊದಲ ಬಾರಿಗೆ ಸಾರನ್ನ ಕೇಳಿದರು. ನಾನು ಎದುರಿಗೆ ಕುಳಿತು ಒಂದೊಂದು ತುತ್ತು ಇಳಿಯುವುದನ್ನೂ ಅವರ ಮುಖದಲ್ಲಿ ನೋಡುತ್ತಿದ್ದೆ. "ಹಾಗೇನು ನೋಡ್ತೀಯೋ, ದೃಷ್ಟಿ ತಾಗುತ್ತೆ" ಎಂದರು. ಆಮೇಲೆ ತಾವೇ ಹೇಳಿದರು, "ನಮ್ಮತ್ತೆ ಯಾವಾಗಲೂ ಅನ್ನೋರು, ಮಲಗಿಕೊಂಡು ಔಷಧಿ ಕುಡಿದರೆ ಔಷಧಿಯೂ ಒಳಗೆ ಮಲಗಿಬಿಡುತ್ತೆ ಅಂತ." ಈ ಮಾತನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. ಓದಿದವನು ನೀನು, ನೀನೇ ತಂದಿಟ್ಟಿದ್ದೆಯಲ್ಲ ಎಂದರು.

ಈಗ ರಕ್ತದೊತ್ತಡದ ಮಾತ್ರೆಯನ್ನು ಅವರು ನಡುಮನೆಯ ಕಂಬದ ಪಕ್ಕದಲ್ಲಿ ನಿಂತು, ಅಜ್ಜಿಯ ಹಿತ್ತಾಳೆ ಚೊಂಬಿನ ತುಂಬ ನೀರಿಟ್ಟುಕೊಂಡು ನುಂಗುತ್ತಾರೆ. ನುಂಗಿ, ತುಳಸಿಕಟ್ಟೆಯವರೆಗೆ ನಡೆದು, ಬಂದು ಕೂರುತ್ತಾರೆ. ಮೂಳೆಗೆ ವರ್ಷಕ್ಕೊಂದು ಇಂಜೆಕ್ಷನ್ ಸಾಕೆಂದು ಗೊತ್ತಾಗಿದೆ. ಮೊನ್ನೆ ಅದನ್ನು ಹಾಕಿಸಲು ಕರೆದೊಯ್ದಾಗ ನರ್ಸು ಮಂಚದ ಮೇಲೆ ಮಲಗಿ ಎಂದಳು. ತಾಯಿಯವರು ಅನುಮಾನದಿಂದ ನನ್ನ ಮುಖ ನೋಡಿ, "ಇದಕ್ಕೆ ಮಲಗಬಹುದೇನೋ?" ಎಂದು ಕೇಳಿದರು. ನಾನು ಡಬ್ಬಿಯೊಳಗಿನ ಚೀಟಿಯನ್ನು ಕೇಳಿ ಪಡೆದು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ ಆಗಬಹುದು ಎಂದೆ.